ಹದಿಹರೆಯದ ಗೀಳು, ವಿದ್ಯುತ್ತಿನ ಮದ್ದು

ಗೀಳು ಎಂಬ ಮಾತನ್ನು ನಾವು ಬಹಳ ಸಲಿಗೆಯಿಂದ ಬಳಸುತ್ತೇವೆ. ಒಬ್ಬನಿಗೆ ಓದಿನ ಗೀಳು, ಇನ್ನೊಬ್ಬನಿಗೆ ಇಸ್ಪೀಟಿನ ಗೀಳು, ಮತ್ತೊಬ್ಬನಿಗೆ ಹಳೆಯ ನಾಣ್ಯಗಳನ್ನು ಕೂಡಿಡುವ ಗೀಳು. ಈ ಬಳಕೆಗಳಲ್ಲೆಲ್ಲ ಸುಖದ ಒಂದು ಸೂಚನೆಯಿದೆ. ಗೀಳು ಹತ್ತಿದವನು ಮನೆಯವರಿಗೆ ತೊಂದರೆ ಕೊಟ್ಟಾನು. ತಾನು ಮಾತ್ರ ಅದರಲ್ಲಿ ಮುಳುಗಿ ಹಾಯಾಗಿರುತ್ತಾನೆ. ಆದರೆ ಮನೋವೈದ್ಯರು ಈ ಪದವನ್ನು ನಮ್ಮ ಆಡುಮಾತಿನಿಂದ ಎತ್ತಿಕೊಂಡು ಒಂದು ಕಾಯಿಲೆಗೆ ‘ಗೀಳುರೋಗ’ವೆಂದು ಹೆಸರಿಟ್ಟಾಗ ಅದರ ಅರ್ಥ ತಲೆಕೆಳಗಾಯಿತು. ಇಲ್ಲಿ ಸುಖದ ಲವಲೇಶವೂ ಇಲ್ಲ. ಬೇಡವಾದ ಯೋಚನೆಯೊಂದು ತನ್ನ ತಲೆಯೊಳಗೇ ಹುಟ್ಟುತ್ತದೆ. ಅದು ಅರ್ಥಹೀನವೆಂದು ತನಗೇ ಗೊತ್ತಿದೆ. ಅಟ್ಟಿದಷ್ಟೂ ಅದು ಮರಳಿ ಬರುತ್ತದೆ. ಅದು ಎಬ್ಬಿಸುವ ಭಯವನ್ನು ತಣಿಸಲು ಕೈ ತೊಳೆಯಬೇಕು, ಚಿಲಕವನ್ನು ಮತ್ತೆ ಮತ್ತೆ ಎಳೆದು ನೋಡಬೇಕು, ಎಣಿಸಬೇಕು, ಕೇಳಿದ್ದನ್ನೇ ಕೇಳಬೇಕು. ತಣಿಸಿದ ಭಯ ಗಳಿಗೆಯೊಳಗೆ ಮತ್ತೆ ತಲೆಯೆತ್ತುತ್ತದೆ.

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ವಿಷಯದ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವಿಷ್ಟೆ. ಹೋದ ವರ್ಷ ಮಳೆಗಾಲದ ಒಂದು ಸಂಜೆ, ನನ್ನೊಡನೆ ಇಪ್ಪತ್ತು ವರ್ಷ ಒಂದೇ ಕಾಲೇಜಿನಲ್ಲಿ ಇತಿಹಾಸ ಕಲಿಸಿದ ಗೆಳೆಯರೊಬ್ಬರು ಮನೆಗೆ ಬಂದರು. ಛತ್ರಿಯನ್ನು ಮೂಲೆಗೊರಗಿಸಿ, ಜೇಬಿನಿಂದ ನಾಲ್ಕು ಮಡಿಕೆಯ ಒಂದು ಬಣ್ಣದ ಕಾಗದವನ್ನು ತೆಗೆದು ನನ್ನ ಕೈಗಿತ್ತರು. “ಇದನ್ನೊಮ್ಮೆ ನಿಧಾನವಾಗಿ ಓದಿ ಹೇಳಿ ಮೇಷ್ಟ್ರೆ. ತಲೆಗೆ ಕಾಂತ ಹಿಡಿದರೆ ಒಂದೂವರೆ ತಿಂಗಳಲ್ಲಿ ವಾಸಿಯಾಗುತ್ತದಂತೆ. ಚಾಕುವಿಲ್ಲ, ಮಾತ್ರೆಯಿಲ್ಲ. ಮಗುವನ್ನು ಕರೆದುಕೊಂಡು ಹೋಗಲೇ ಬೇಡವೇ, ಒಂದೂ ತಿಳಿಯುತ್ತಿಲ್ಲ” ಎಂದರು. ಮಗುವೆಂದರೆ ಅವರ ಮೊಮ್ಮಗಳು. ಹದಿನಾರು ತುಂಬಿದ, ಪಿಯುಸಿ ಮೊದಲ ವರ್ಷದ ಹುಡುಗಿ. ಬಾಗಿಲ ಹಿಡಿಯನ್ನು ಮುಟ್ಟಿದರೆ ಬಚ್ಚಲಿಗೆ ಹೋಗಿ ಒಂದೂವರೆ ಗಂಟೆ ಕೈ ತೊಳೆಯುತ್ತಾಳೆ. ಬೆರಳ ಸಂದುಗಳಲ್ಲಿ ಚರ್ಮ ಒಡೆದು ರಕ್ತ ಜಿನುಗುತ್ತದೆ. ತನ್ನಿಂದ ಮನೆಯವರಿಗೆ ರೋಗ ತಗುಲಿ ಯಾರಾದರೂ ಸತ್ತುಹೋದರೆ ಎಂಬುದೇ ಅವಳ ಭಯ. “ತಾತ, ನೀವು ಚೆನ್ನಾಗಿದ್ದೀರಲ್ಲವೇ?” ಎಂದು ದಿನಕ್ಕೆ ನೂರು ಸಲ ಕೇಳುತ್ತಾಳೆ, ನೂರು ಸಲವೂ ಇವರು “ಚೆನ್ನಾಗಿದ್ದೇನಮ್ಮ” ಎನ್ನಬೇಕು.

ಆ ಕಾಗದ ನನಗೆ ಪೂರ್ತಿಯಾಗಿ ಅರ್ಥವಾಗಲಿಲ್ಲ. ಅಂದಿನಿಂದ ಈ ವಿಷಯದ ಬೆನ್ನು ಹತ್ತಿದೆ. ಪದವಿಪೂರ್ವ ತರಗತಿಯಲ್ಲಿ ನನ್ನ ಬಳಿ ಕನ್ನಡ ಓದಿ ಮುಂದೆ ಮನೋವೈದ್ಯರಾದ ಒಬ್ಬರು ನನ್ನ ಅಡ್ಡಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರಿಸಿದರು. ತಪ್ಪೇನಾದರೂ ನುಸುಳಿದ್ದರೆ ಅದು ನನ್ನದು.

ಮೊದಲು ರೋಗದ ಮಾತು. ನೂರು ಜನರಲ್ಲಿ ಇಬ್ಬರು ಮೂವರಿಗೆ ಜೀವಮಾನದ ಯಾವುದೋ ಒಂದು ಘಟ್ಟದಲ್ಲಿ ಇದು ಕಾಣಿಸಿಕೊಳ್ಳುವುದೆಂದು ಅಂದಾಜು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಪ್ಪತ್ತರೊಳಗೇ, ಎಂದರೆ ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲಿ, ಇದರ ಮೊಳಕೆಯೊಡೆದಿರುತ್ತದೆ. ಇದು ನಮ್ಮ ಕಾಲದ ಒತ್ತಡದ ಕೂಸೆಂದು ತಿಳಿಯಬೇಕಾಗಿಲ್ಲ. ಆಂಗ್ಲ ಸಾಹಿತ್ಯವನ್ನು ಓದಿದವರಿಗೆ ಡಾಕ್ಟರ್ ಜಾನ್ಸನ್ ನೆನಪಾಗಬೇಕು. 1791ರಲ್ಲಿ ಹೊರಬಂದ ಅವನ ಜೀವನಚರಿತ್ರೆಯಲ್ಲಿ ಬಾಸ್ವೆಲ್ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಆ ಮಹಾಪಂಡಿತ ಬಾಗಿಲನ್ನು ದಾಟುವಾಗ ಹೆಜ್ಜೆಗಳ ಎಣಿಕೆ ಸರಿಹೊಂದಬೇಕಾಗಿತ್ತು; ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ನಡೆದುಬರುತ್ತಿದ್ದ. ಅವನಿಗಿಂತ ನೂರು ವರ್ಷ ಹಿಂದಿನ ಜಾನ್ ಬನ್ಯನ್, ದೈವನಿಂದೆಯ ಯೋಚನೆಗಳು ತನ್ನನ್ನು ಹಗಲಿರುಳು ಮುತ್ತಿದುದನ್ನು 1666ರ ತನ್ನ ಆತ್ಮವೃತ್ತಾಂತದಲ್ಲಿ ತೋಡಿಕೊಂಡಿದ್ದಾನೆ. ಕೈತೊಳೆತ ಎಂದೊಡನೆ ಲೇಡಿ ಮ್ಯಾಕ್‌ಬೆತ್‌ಳನ್ನು ಉದಾಹರಿಸುವ ರೂಢಿ ನಮ್ಮ ಉಪನ್ಯಾಸಕರಲ್ಲಿದೆ. ನಾನೂ ಹಾಗೆ ಹೇಳಿದವನೇ. ಈಗ ಅದು ಸರಿಯಲ್ಲವೆನಿಸುತ್ತದೆ. ಆಕೆ ತೊಳೆಯಹೊರಟದ್ದು ಮಾಡಿದ ಪಾಪವನ್ನು. ನನ್ನ ಗೆಳೆಯರ ಮೊಮ್ಮಗಳು ತೊಳೆಯುತ್ತಿರುವುದು ಮಾಡದ ಪಾಪವನ್ನು.

ನಮ್ಮ ಕಡೆಯ ಮನೆಗಳಲ್ಲಿ ಈ ರೋಗಕ್ಕೆ ಅಡಗಿಕೊಳ್ಳಲು ಒಳ್ಳೆಯ ತಾಣವೊಂದಿತ್ತು, ಅದೇ ಮಡಿ. ಮೂರು ಸಲ ಮೀಯುವ ಅಜ್ಜಿಯನ್ನು ‘ಬಹಳ ಮಡಿ’ ಎಂದು ಗೌರವಿಸಿದೆವೇ ಹೊರತು ಆಕೆಯ ಸಂಕಟವನ್ನು ವಿಚಾರಿಸಲಿಲ್ಲ. ಎರಡಕ್ಕೂ ಇರುವ ಭೇದವನ್ನು ಆ ವೈದ್ಯರು ಒಂದೇ ಮಾತಿನಲ್ಲಿ ಬಿಡಿಸಿದರು. ಮಡಿಗೆ ಒಂದು ಕೊನೆಯಿದೆ. ಮಿಂದು, ಒಗೆದು ಒಣಗಿದ ಬಟ್ಟೆಯನ್ನುಟ್ಟರೆ ಮುಗಿಯಿತು, ಮನಸ್ಸು ನಿರಾಳ. ಗೀಳಿಗೆ ಆ ‘ಮುಗಿಯಿತು’ ಎಂಬುದೇ ಇಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಬಿ.ಎ. ತರಗತಿಯಲ್ಲಿ ನನಗೊಬ್ಬ ಶಿಷ್ಯನಿದ್ದ. ಮುತ್ತು ಪೋಣಿಸಿದಂಥ ಅಕ್ಷರ. ಆದರೆ ಮೂರು ಗಂಟೆಯ ಪರೀಕ್ಷೆಯಲ್ಲಿ ಎರಡು ಉತ್ತರಗಳಿಗಿಂತ ಹೆಚ್ಚು ಬರೆಯುತ್ತಿರಲಿಲ್ಲ. ಬರೆದ ಸಾಲನ್ನು ಹೊಡೆದುಹಾಕಿ ಅದೇ ಸಾಲನ್ನು ಮತ್ತೆ ಬರೆಯುತ್ತಿದ್ದ. ಕೆಲವೆಡೆ ಕಾಗದ ತೂತು ಬಿದ್ದಿರುತ್ತಿತ್ತು. ಅವನ ಉತ್ತರಪತ್ರಿಕೆಯನ್ನು ತರಗತಿಯಲ್ಲಿ ಎತ್ತಿ ಹಿಡಿದು, ಶುದ್ಧಿಯ ಮೇಲೆ ಎಂಥ ಶ್ರದ್ಧೆ ನೋಡಿ ಎಂದು ನಾನು ಹೊಗಳಿದೆ. ಮರುವರ್ಷ ಅವನು ಬರಲಿಲ್ಲ. ನಾನು ಹೊಗಳಿದ್ದು ಒಂದು ಕಾಯಿಲೆಯನ್ನೆಂದು ಈಗ ಅರಿವಾಗುತ್ತಿದೆ.

ಇರಲಿ. ಈ ರೋಗಕ್ಕೂ ವಿದ್ಯುತ್ತಿಗೂ ಏನು ನಂಟು? ಮಿದುಳಿನ ಕೆಲಸವೆಲ್ಲ ನಡೆಯುವುದು ನರಕೋಶಗಳ ನಡುವಣ ರಾಸಾಯನಿಕ ಮತ್ತು ವಿದ್ಯುತ್ ಸಂದೇಶಗಳಿಂದ. ಹಣೆಯ ಹಿಂದೆ, ಕಣ್ಣುಗುಳಿಗಳ ಮೇಲ್ಭಾಗದಲ್ಲಿರುವ ಮಿದುಳಿನ ಹೊರಪದರ ‘ಏನೋ ಸರಿಯಿಲ್ಲ’ ಎಂಬ ಎಚ್ಚರಿಕೆಯನ್ನು ಎಬ್ಬಿಸುತ್ತದೆ. ಅದು ಮಿದುಳಿನ ಆಳದಲ್ಲಿರುವ ಕೆಲವು ನರಗಂಟುಗಳಿಗೆ ಇಳಿದು, ಅಲ್ಲಿಂದ ಥಲಾಮಸ್ ಎಂಬ ಕೇಂದ್ರವನ್ನು ಹಾದು, ಹೊರಟ ಜಾಗಕ್ಕೇ ಹಿಂತಿರುಗುತ್ತದೆ. ಇದೊಂದು ಸುತ್ತು. ಆಳದ ನರಗಂಟುಗಳು ತೂಬಿನಂತೆ ಕೆಲಸ ಮಾಡಿ, ಎಚ್ಚರಿಕೆ ತನ್ನ ಕೆಲಸ ಮುಗಿಸಿದ ಮೇಲೆ ಹರಿವನ್ನು ತಡೆಯಬೇಕು. ಗೀಳುರೋಗದಲ್ಲಿ ಈ ತೂಬು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಆದ್ದರಿಂದ ‘ಏನೋ ಸರಿಯಿಲ್ಲ’ ಎಂಬ ಸಂದೇಶ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ ಎಂಬುದು ತಜ್ಞರ ಇಂದಿನ ಗ್ರಹಿಕೆ. ಚಿತ್ರ ಇಷ್ಟು ಸರಳವಲ್ಲ. ನಮ್ಮ ತಿಳಿವಳಿಕೆಗೆ ಇಷ್ಟು ಸಾಕು.

ಈ ಸುತ್ತಿನ ವಿಚಾರದಲ್ಲಿ 1992ರ ಒಂದು ಸಂಶೋಧನೆ ನನ್ನನ್ನು ಬೆರಗುಗೊಳಿಸಿತು. ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಕೆಲವು ರೋಗಿಗಳಿಗೆ ಮಾತ್ರೆಯನ್ನು ಕೊಟ್ಟರು. ಬೇರೆ ಕೆಲವರಿಗೆ ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆಯನ್ನು ಮಾತ್ರ ಕೊಟ್ಟರು. ಎರಡು ಗುಂಪುಗಳಲ್ಲಿಯೂ ಗುಣ ಕಂಡವರ ಮಿದುಳಿನ ಚಿತ್ರ ತೆಗೆದಾಗ, ಆಳದ ಅದೇ ನರಗಂಟಿನ ಉರಿ ತಗ್ಗಿತ್ತು. ಎಂದರೆ, ಗುಳಿಗೆ ಮಾಡಿದ ಬದಲಾವಣೆಯನ್ನು ಮಾತು ಮತ್ತು ಅಭ್ಯಾಸವೂ ಮಾಡಿತ್ತು. ಭಾಷೆಯ ಮೇಷ್ಟ್ರಾದ ನನಗೆ ಇದರಿಂದಾದ ಹಿಗ್ಗನ್ನು ನೀವು ಊಹಿಸಬಹುದು. ಆದರೆ ವೈದ್ಯರಿಗೆ ಇದರಿಂದ ಹುಟ್ಟಿದ ಪ್ರಶ್ನೆ ಬೇರೆ: ಈ ಸುತ್ತನ್ನು ಹೊರಗಿನಿಂದ ನೇರವಾಗಿ ತಟ್ಟಬಹುದೇ?

ತಲೆಗೆ ವಿದ್ಯುತ್ತನ್ನು ಹಾಯಿಸುವ ಆಸೆ ಮನುಷ್ಯನಿಗೆ ಹೊಸದಲ್ಲ. ಒಂದನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿಗೆ ಮಿಂಚುಮೀನನ್ನು ಜೀವಂತವಾಗಿ ಹಣೆಗಿಡಬೇಕೆಂದು ಬರೆದಿದ್ದಾನೆ. 1938ರಲ್ಲಿ ರೋಮಿನಲ್ಲಿಯೇ ಚೆರ್ಲೆಟ್ಟಿ ಮತ್ತು ಬೀನಿ ಎಂಬಿಬ್ಬರು ಮಿದುಳಿಗೆ ವಿದ್ಯುತ್ ಹಾಯಿಸಿ ಸೆಳವು ಬರಿಸುವ ಚಿಕಿತ್ಸೆಯನ್ನು ಆರಂಭಿಸಿದರು. ನಮ್ಮ ಜನ ‘ಕರೆಂಟು ಕೊಡುವುದು’ ಎಂದು ನಡುಗುವುದು ಇದಕ್ಕೇ. ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಿಸಿ ಮಾಡುವ ಇಂದಿನ ಆ ಚಿಕಿತ್ಸೆ ತೀವ್ರ ಖಿನ್ನತೆಯಲ್ಲಿ ಪ್ರಾಣ ಉಳಿಸಿದೆ. ಸಿನಿಮಾದವರು ಅದಕ್ಕೆ ಮಾಡಿದ ಅನ್ಯಾಯ ದೊಡ್ಡದು. ಆದರೆ ಅದು ಗೀಳಿನ ಚಿಕಿತ್ಸೆಯಲ್ಲ. ನಾನಿಲ್ಲಿ ಹೇಳಹೊರಟಿರುವುದೂ ಅದನ್ನಲ್ಲ. ಇನ್ನೊಂದು ಕಡೆ, ಮಿದುಳಿನ ಎಳೆಗಳನ್ನು ಕತ್ತರಿಸಿದ ಲಿಸ್ಬನ್ನಿನ ಈಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆ ಶಸ್ತ್ರಕ್ರಿಯೆ ಅನೇಕರ ವ್ಯಕ್ತಿತ್ವವನ್ನೇ ಅಳಿಸಿತು. ಈ ನೆನಪು ಇಂದಿಗೂ ವೈದ್ಯರ ಕೈಯನ್ನು ಹಿಡಿದೆಳೆಯುತ್ತದೆ. ಎಳೆದರೆ ಒಳ್ಳೆಯದೇ.

ಈಗ ಗೆಳೆಯರ ಕಾಗದದಲ್ಲಿದ್ದ ಕಾಂತಕ್ಕೆ ಬರೋಣ. 1831ರಲ್ಲಿ ಮೈಕಲ್ ಫ್ಯಾರಡೆ ಒಂದು ತತ್ತ್ವವನ್ನು ಕಂಡುಹಿಡಿದ: ಬದಲಾಗುತ್ತಿರುವ ಕಾಂತಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮಿದುಳೂ ಒಂದು ವಾಹಕವೇ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಜೊತೆಯವರು ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು, ಅದರಲ್ಲಿ ಕ್ಷಣಮಾತ್ರ ಬಲವಾದ ವಿದ್ಯುತ್ತನ್ನು ಹರಿಸಿದರು. ಮುಂದೆ ಚಾಚಿದ ಕೈಯ ಬೆರಳು ತಾನಾಗಿ ಅಲುಗಿತು. ತಲೆಬುರುಡೆಯ ಮೂಳೆ ವಿದ್ಯುತ್ತನ್ನು ತಡೆಯುತ್ತದೆ; ಕಾಂತವನ್ನು ತಡೆಯಲಾರದು. ಕಾಂತ ನಿರಾತಂಕವಾಗಿ ಒಳಹೊಕ್ಕು ಅಲ್ಲಿ ವಿದ್ಯುತ್ತಾಗಿ ಎಚ್ಚರಗೊಳ್ಳುತ್ತದೆ. ಕುಯ್ಯಬೇಕಾಗಿಲ್ಲ, ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ರೋಗಿ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಟಕಟಕ ಸದ್ದು ಜೋರಾದ್ದರಿಂದ ಕಿವಿಗೆ ಬೆಣೆ ಇಟ್ಟುಕೊಳ್ಳುತ್ತಾನೆ. ಈ ತಟ್ಟುವಿಕೆಯನ್ನು ದಿನದಿನವೂ ಸಾವಿರಾರು ಸಲ ಮಾಡುತ್ತ ಹೋದರೆ ಆ ಭಾಗದ ನರಕೋಶಗಳ ನಡತೆ ನಿಧಾನವಾಗಿ ಬದಲಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2008ರಲ್ಲಿ ಖಿನ್ನತೆಗೆ ಇದನ್ನು ಒಪ್ಪಿತು.

ಗೀಳಿನ ಸುತ್ತು ಇನ್ನೂ ಆಳದಲ್ಲಿದೆ. ಅದಕ್ಕಾಗಿ ಶಿರಸ್ತ್ರಾಣದಂತೆ ತಲೆಯನ್ನು ಕವಿಯುವ ವಿಶೇಷ ಸುರುಳಿಯನ್ನು ಮಾಡಿ, 11 ಕೇಂದ್ರಗಳಲ್ಲಿ 99 ರೋಗಿಗಳ ಮೇಲೆ ಪರೀಕ್ಷಿಸಿದರು. ಅದರ ಆಧಾರದ ಮೇಲೆ 2018ರ ಆಗಸ್ಟಿನಲ್ಲಿ ಗೀಳುರೋಗಕ್ಕೂ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆರು ವಾರಗಳಲ್ಲಿ 29 ದಿನದ ಚಿಕಿತ್ಸೆ. ದಿನಕ್ಕೆ 2,000 ತಟ್ಟು. ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ, ಅದೇ ಸದ್ದನ್ನೂ ನೆತ್ತಿಯ ಮೇಲೆ ಅದೇ ಚುರುಕನ್ನೂ ಹುಟ್ಟಿಸುವ ನಕಲಿ ತಟ್ಟು. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಪರೀಕ್ಷಿಸುವವರಿಗೂ ತಿಳಿಯದು. ಕೊನೆಗೆ ನಿಜವಾದ ತಟ್ಟು ಪಡೆದವರಲ್ಲಿ ಶೇಕಡಾ 38 ಮಂದಿಗೆ ತಕ್ಕಷ್ಟು ಗುಣ ಕಂಡಿತು. ನಕಲಿಯಲ್ಲಿ ಶೇಕಡಾ 11. ‘ತಕ್ಕಷ್ಟು ಗುಣ’ವೆಂದರೆ ರೋಗ ಮಾಯವಾಯಿತೆಂದಲ್ಲ, 40 ಅಂಕಗಳ ಅಳತೆಪಟ್ಟಿಯಲ್ಲಿ ರೋಗದ ಭಾರ ಶೇಕಡಾ 30ರಷ್ಟಾದರೂ ಇಳಿಯಿತೆಂದು. ಸರಾಸರಿ ಇಳಿತ ಅಸಲಿಯಲ್ಲಿ 6 ಅಂಕ, ನಕಲಿಯಲ್ಲಿ ಮೂರಕ್ಕೆ ತುಸು ಮೇಲೆ. ಗೆಳೆಯರು ತಂದ ಕಾಗದದಲ್ಲಿ 38 ದಪ್ಪಕ್ಷರದಲ್ಲಿತ್ತು. ಈ ಉಳಿದ ವಿವರ ಇರಲಿಲ್ಲ.

ಇನ್ನೊಂದು ಸ್ವಾರಸ್ಯವೂ ಅದರಲ್ಲಿರಲಿಲ್ಲ. ಪ್ರತಿದಿನ ಯಂತ್ರವನ್ನು ಹಚ್ಚುವ ಮೊದಲು ರೋಗಿಯ ಗೀಳನ್ನು ಬೇಕೆಂದೇ ಕೆಣಕುತ್ತಾರೆ. ಕೊಳೆಯ ಭಯವಿದ್ದವನಿಂದ ಕೊಳೆಯನ್ನು ಮುಟ್ಟಿಸುತ್ತಾರೆ. ಬಾಗಿಲ ಸಂದೇಹವಿದ್ದವನಿಗೆ ‘ನಿಜವಾಗಿ ಬೀಗ ಹಾಕಿದಿರಾ?’ ಎನ್ನುತ್ತಾರೆ. ಸುತ್ತು ಎಚ್ಚರವಾಗಿ ತಿರುಗುತ್ತಿರುವಾಗಲೇ ಅದನ್ನು ತಟ್ಟಬೇಕೆಂಬುದು ಇದರ ಹಿಂದಿನ ತರ್ಕ. ಎಂದರೆ ಈ ಯಂತ್ರ, ಮಲಗಿದ್ದವನಿಗೆ ಗೊತ್ತಾಗದಂತೆ ರೋಗವನ್ನು ಕದ್ದೊಯ್ಯುವ ಮಾಯಾಕಾಂತವಲ್ಲ. ಯಂತ್ರವಿದ್ದರೂ ಭಯವನ್ನು ಮುಖಾಮುಖಿ ನೋಡುವ ಕೆಲಸ ರೋಗಿಗೆ ತಪ್ಪಿದ್ದಲ್ಲ.

ಎರಡನೆಯ ಮಾರ್ಗ ಇದಕ್ಕಿಂತ ಬಹಳ ಗಂಭೀರವಾದದ್ದು. ತಲೆಬುರುಡೆಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ತೆಳುವಾದ ತಂತಿಗಳನ್ನು ಮಿದುಳಿನ ಆಳಕ್ಕೆ ಇಳಿಸಿ, ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಹುದುಗಿಸಿದ ಬ್ಯಾಟರಿಯಿಂದ ಹಗಲಿರುಳೂ ವಿದ್ಯುತ್ ಮಿಡಿತ ಕೊಡುವುದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ 1987ರಲ್ಲಿ ಕೈನಡುಕಕ್ಕೆ ಇದನ್ನು ಬಳಸಿದ. 1999ರಲ್ಲಿ ಬೆಲ್ಜಿಯಮ್ಮಿನ ಲೂವೆನ್‌ನಲ್ಲಿ ಬಾರ್ಟ್ ನಟಿನ್ ಮತ್ತು ಸಂಗಡಿಗರು ಗೀಳುರೋಗಕ್ಕೆ ಪ್ರಯೋಗಿಸಿದರು. ಅವರ ಆಲೋಚನೆ ಸೊಗಸಾದುದು. ಅತಿ ಕಠಿಣ ಗೀಳಿಗೆ ಮಿದುಳಿನ ಒಂದು ನರಪಟ್ಟಿಯನ್ನು ಸುಟ್ಟುಹಾಕುವ ಶಸ್ತ್ರಕ್ರಿಯೆ ಮೊದಲಿನಿಂದ ಇತ್ತು. ಸುಟ್ಟದ್ದು ಮರಳಿ ಬಾರದು. ಅದೇ ಜಾಗದಲ್ಲಿ ಸುಡುವ ಬದಲು ಮಿಡಿತ ಕೊಟ್ಟರೆ? ಸರಿಹೋಗದಿದ್ದರೆ ಗುಂಡಿ ಒತ್ತಿ ನಿಲ್ಲಿಸಬಹುದು. 2009ರಲ್ಲಿ ಅಮೆರಿಕದಲ್ಲಿ, ಬೇರೆ ದಾರಿಯೇ ಉಳಿಯದ ಕೆಲವರಿಗೆಂದು, ದಯಾಪರವಾದ ವಿಶೇಷ ವಿನಾಯಿತಿಯ ಮೇಲೆ ಇದಕ್ಕೆ ಅವಕಾಶ ದೊರೆಯಿತು. ಎಲ್ಲ ಚಿಕಿತ್ಸೆಗಳೂ ಸೋತವರಲ್ಲಿಯೇ ಇದನ್ನು ಮಾಡುವುದಾದರೂ, ಈವರೆಗಿನ ಅನುಭವವನ್ನು ಒಟ್ಟುಗೂಡಿಸಿ ನೋಡಿದವರು ಮೂವರಲ್ಲಿ ಇಬ್ಬರಿಗೆ ಗಣನೀಯ ಗುಣವಾಯಿತೆನ್ನುತ್ತಾರೆ. ಸೋಂಕು, ರಕ್ತಸ್ರಾವ, ಅತಿಯಾದ ಉಬ್ಬರದ ಮನಸ್ಥಿತಿ, ಇವು ಅದರ ಅಪಾಯಗಳು. ಈ ವಿನಾಯಿತಿ 18 ತುಂಬಿದವರಿಗೆ ಮಾತ್ರ.

ಮೂರನೆಯದು ಬಹಳ ಸರಳ, ಅಗ್ಗ. ಉಪ್ಪುನೀರಿನಲ್ಲಿ ತೊಯ್ಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ 2 ಮಿಲಿಆಂಪಿಯರಿನಷ್ಟು ಮೆಲುವಾದ ವಿದ್ಯುತ್ತನ್ನು ಹಾಯಿಸುವುದು. ಇದರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕಾಣಿಕೆಯೂ ಇದೆ. ಅಲ್ಲಿ ಗೀಳುರೋಗಕ್ಕೆಂದೇ ಒಂದು ಪ್ರತ್ಯೇಕ ಚಿಕಿತ್ಸಾಲಯವಿದೆ. ಔಷಧಕ್ಕೆ ಬಗ್ಗದ 25 ರೋಗಿಗಳ ಮೇಲೆ ಅಲ್ಲಿಯವರು ಮಾಡಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಸಲಿ ವಿದ್ಯುತ್ ಪಡೆದ 12 ಮಂದಿಯಲ್ಲಿ ನಾಲ್ವರಿಗೆ ಗುಣ ಕಂಡಿತು. ನಕಲಿ ಪಡೆದ 13 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಸಂಖ್ಯೆ ಚಿಕ್ಕದು. ಆದರೂ ಭರವಸೆಯ ಬಾಗಿಲು ಒಂದು ಬೆರಳಿನಷ್ಟು ತೆರೆದಿದೆ.

ಈ ಎಲ್ಲದರಲ್ಲಿಯೂ ನನ್ನ ಕಣ್ಣಿಗೆ ಚುಚ್ಚಿದ ಅಂಶವೊಂದೇ. ಆ 99 ಮಂದಿಯ ವಯಸ್ಸು 22ರಿಂದ 68. ರೋಗ ಹುಟ್ಟುವುದು ಹನ್ನೆರಡಕ್ಕೆ, ಹದಿನೈದಕ್ಕೆ. ಚಿಕಿತ್ಸೆಯನ್ನು ಪರೀಕ್ಷಿಸಿದ್ದು ಇಪ್ಪತ್ತೆರಡು ದಾಟಿದವರ ಮೇಲೆ. ಹದಿಹರೆಯದವರ ಗೀಳಿನ ಮೇಲೆ ನಡೆದಿರುವ ಇಂಥ ಪ್ರಯೋಗಗಳು ಕೆಲವೇ ಕೆಲವು, ಅವೂ ಪುಟ್ಟವು. ಹೀಗೇಕೆ?

ವೈದ್ಯರ ಹಿಂಜರಿಕೆಗೆ ಬಲವಾದ ಕಾರಣಗಳಿವೆ. ಹದಿಹರೆಯದ ಮಿದುಳು ದೊಡ್ಡವರ ಮಿದುಳಿನ ಚಿಕ್ಕ ಪ್ರತಿಯಲ್ಲ. ಇನ್ನೂ ಕಟ್ಟಡ ಏಳುತ್ತಿರುವ ಮನೆ. ಅಮೆರಿಕದಲ್ಲಿ ಜೇ ಗೀಡ್ ಮತ್ತು ಸಂಗಡಿಗರು ಮಕ್ಕಳ ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದು 1999ರಲ್ಲಿ ತೋರಿಸಿಕೊಟ್ಟದ್ದಿದು: ಹಣೆಯ ಹಿಂದಿನ ಹೊರಪದರ ಹದಿಹರೆಯದ ಹೊಸ್ತಿಲವರೆಗೆ ದಪ್ಪವಾಗುತ್ತ ಹೋಗಿ, ಆಮೇಲೆ ತೆಳುವಾಗತೊಡಗುತ್ತದೆ. ಬಳಸುವ ಸಂಪರ್ಕಗಳು ಉಳಿದು, ಬಳಸದವು ಕಳಚಿಕೊಳ್ಳುವುದು ಇದಕ್ಕೆ ಕಾರಣವಿರಬೇಕೆನ್ನುತ್ತಾರೆ. ತೋಟಗಾರ ಗಿಡವನ್ನು ಸವರಿದ ಹಾಗೆ. ಆ ಭಾಗ ಪೂರ್ತಿ ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಗೀಳಿಗಾಗಿ ತಟ್ಟಬೇಕಾದ್ದು ಮಿದುಳಿನ ಈ ಮುಂಭಾಗವನ್ನೇ. ಸವರುವಿಕೆ ನಡೆದಿರುವಾಗ ಹೊರಗಿನಿಂದ ತಟ್ಟಿದರೆ ಹಿತವಾಗಬಹುದು, ಏಕೆಂದರೆ ಎಳೆಯ ಮಿದುಳು ಬೇಗ ಕಲಿಯುತ್ತದೆ. ಅಹಿತವೂ ಆಗಬಹುದು, ಅದೇ ಕಾರಣಕ್ಕೆ. ಸೆಳವು ಬರುವ ಅಪಾಯ ಕಾಂತಚಿಕಿತ್ಸೆಯಲ್ಲಿ ಬಹಳ ಅಪರೂಪವಾದರೂ ಇಲ್ಲವೆನ್ನುವಂತಿಲ್ಲ. ಇನ್ನು ತಂತಿಯ ಶಸ್ತ್ರಕ್ರಿಯೆಯಾದರೆ, ಹದಿನಾರರಲ್ಲಿ ಹುದುಗಿಸಿದ ಬ್ಯಾಟರಿಯನ್ನು ಎಪ್ಪತ್ತರವರೆಗೆ ಎಷ್ಟು ಸಲ ಬದಲಾಯಿಸಬೇಕು, ಎಷ್ಟು ಸಲ ಕುಯ್ಯಬೇಕು, ಲೆಕ್ಕ ಹಾಕಿ ನೋಡಿ.

ಎರಡನೆಯ ಕಾರಣ ಮನಸ್ಸಿಗೆ ಹಿತವಾದದ್ದು. ಚಿಕ್ಕಂದಿನಲ್ಲಿ ಗೀಳು ಕಂಡವರನ್ನು ವರ್ಷಗಳ ಮೇಲೆ ಮತ್ತೆ ಹುಡುಕಿ ನೋಡಿದ ಅಧ್ಯಯನಗಳನ್ನೆಲ್ಲ 2004ರಲ್ಲಿ ಒಟ್ಟುಗೂಡಿಸಿದಾಗ, ಪೂರ್ಣಪ್ರಮಾಣದ ರೋಗ ಉಳಿದಿದ್ದುದು ಶೇಕಡಾ 41 ಮಂದಿಯಲ್ಲಿ; ಅಲ್ಪಸ್ವಲ್ಪ ಉಳಿದವರನ್ನು ಸೇರಿಸಿದರೂ ಶೇಕಡಾ 60. ಉಳಿದವರು ಪಾರಾಗಿದ್ದರು. ಪಾರಾಗಬಹುದಾದ ಮಗುವಿನ ತಲೆಗೆ ಮರಳಿ ಸರಿಪಡಿಸಲಾಗದ ಕೆಲಸವನ್ನು ಮಾಡಲು ಯಾವ ವೈದ್ಯನ ಕೈ ಏಳುತ್ತದೆ?

ಮೂರನೆಯದು ಒಪ್ಪಿಗೆಯ ಪ್ರಶ್ನೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆ, ಹದಿನೆಂಟು ತುಂಬದವರಿಗೆ ಸೆಳವಿನ ವಿದ್ಯುತ್ ಚಿಕಿತ್ಸೆಯನ್ನು ಪೋಷಕರ ಒಪ್ಪಿಗೆ ಮತ್ತು ಪರಿಶೀಲನಾ ಮಂಡಲಿಯ ಪೂರ್ವಾನುಮತಿ ಎರಡೂ ಇಲ್ಲದೆ ಕೊಡಬಾರದೆಂದು ಕಟ್ಟುಮಾಡಿದೆ. ಮನೋರೋಗಕ್ಕೆ ಮಿದುಳಿನ ಶಸ್ತ್ರಕ್ರಿಯೆಯಾದರೆ ರೋಗಿಯ ಸ್ವಂತ ಒಪ್ಪಿಗೆಯೂ ಮಂಡಲಿಯ ಅನುಮತಿಯೂ ಬೇಕು. ಸ್ವಂತ ಒಪ್ಪಿಗೆಯೆಂದು ಹೇಳುವುದು ಸುಲಭ. ಎಲ್ಲದರ ಮೇಲೂ ಸಂದೇಹಪಡುವುದೇ ರೋಗವಾಗಿರುವ ಹದಿನಾರರ ಹುಡುಗಿ ಯಾವುದಕ್ಕೆ ಸಂದೇಹವಿಲ್ಲದೆ ಒಪ್ಪಿಯಾಳು?

ಆದರೂ ಹಿಂಜರಿಕೆಗೂ ಒಂದು ಬೆಲೆಯಿದೆ. ಅದನ್ನು ತೆರುವವರು ಮಕ್ಕಳು. ಹದಿನಾಲ್ಕರಿಂದ ಇಪ್ಪತ್ತೆರಡರವರೆಗಿನ ಎಂಟು ವರ್ಷವೆಂದರೆ ಓದು, ಸ್ನೇಹ, ಬದುಕಿನ ಬುನಾದಿ. ಎಲ್ಲ ಚಿಕಿತ್ಸೆಗಳೂ ಸೋತು ಬಚ್ಚಲಿನಲ್ಲಿಯೇ ಬಂದಿಯಾದ ಮಗುವಿಗೆ ‘ನಿನಗಿನ್ನೂ ವಯಸ್ಸಾಗಿಲ್ಲ, ಕಾದಿರು’ ಎನ್ನುವುದು ಕನಿಕರದ ಮಾತೇನೂ ಅಲ್ಲ. ಮಕ್ಕಳ ಮಿದುಳನ್ನು ಮುಟ್ಟಲೇಬಾರದೆಂಬ ಶಾಸ್ತ್ರವೂ ಇಲ್ಲ. ಡಿಸ್ಟೋನಿಯ ಎಂಬ, ಮೈ ತಿರುಚಿಕೊಳ್ಳುವ ಕಾಯಿಲೆಗೆ ಏಳು ವರ್ಷದ ಮಕ್ಕಳಿಗೂ ಆಳದ ತಂತಿಯ ಚಿಕಿತ್ಸೆಯನ್ನು 2003ರಲ್ಲೇ ಅಮೆರಿಕ ಒಪ್ಪಿದೆ. 2024ರಲ್ಲಿ 15 ವರ್ಷ ತುಂಬಿದ ಹದಿಹರೆಯದವರ ಖಿನ್ನತೆಗೆ ಕಾಂತಚಿಕಿತ್ಸೆಯನ್ನೂ ಒಪ್ಪಿತು. ಮೈ ತಿರುಚಿಕೊಂಡರೆ ಎಲ್ಲರಿಗೂ ಕಾಣುತ್ತದೆ. ಮನಸ್ಸು ತಿರುಚಿಕೊಂಡರೆ ಕಾಣುವುದಿಲ್ಲ. ನಮ್ಮ ಆತುರದಲ್ಲಿಯೂ ನಿಧಾನದಲ್ಲಿಯೂ ಈ ಪಂಕ್ತಿಭೇದ ಸೇರಿಕೊಂಡಿದೆಯೇನೋ ಎಂಬ ಅನುಮಾನ ನನಗಿದೆ. ಅಂಥ ಮಕ್ಕಳಿಗಾಗಿ ದೊಡ್ಡ, ಎಚ್ಚರಿಕೆಯ, ನಕಲಿಯೊಡನೆ ಹೋಲಿಸಿ ನೋಡುವ ಪರೀಕ್ಷೆಗಳು ನಡೆಯಲೇಬೇಕು. ಅಂಥ ಪರೀಕ್ಷೆಯಲ್ಲಿ ಸೇರುವುದು ಬೇರೆ, ಬಣ್ಣದ ಕಾಗದವನ್ನು ನಂಬಿ ಹಣ ಕಟ್ಟುವುದು ಬೇರೆ.

ಗೆಳೆಯರಿಗೆ ನಾನು ಕೇಳಿದ ಪ್ರಶ್ನೆ ಒಂದೇ. “ಮಗುವಿಗೆ ಈವರೆಗೆ ಏನು ಚಿಕಿತ್ಸೆಯಾಗಿದೆ?” ಏನೂ ಆಗಿರಲಿಲ್ಲ! ಒಂದು ಹರಕೆ, ಎರಡು ಯಂತ್ರ, ಚರ್ಮದ ವೈದ್ಯರು ಕೊಟ್ಟ ಮುಲಾಮು, ಇಷ್ಟೆ. ಮೊದಲ ಮೆಟ್ಟಿಲನ್ನೇ ಹತ್ತದವರು ಅಟ್ಟಕ್ಕೆ ಏಣಿ ಹುಡುಕುತ್ತಿದ್ದರು. ಆ ಮೊದಲ ಮೆಟ್ಟಿಲೇನು? 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಕಂಡುಕೊಂಡ ದಾರಿ: ಭಯದ ವಸ್ತುವನ್ನು ಮುಟ್ಟಿಸುವುದು, ಮುಟ್ಟಿದ ಮೇಲೆ ತೊಳೆಯದೆ ತಡೆಯುವುದು. ಭಯ ಏರುತ್ತದೆ, ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ತೊಳೆಯದಿದ್ದರೂ ಯಾರೂ ಸಾಯಲಿಲ್ಲವೆಂದು ಮಿದುಳು ಕಲಿಯುತ್ತದೆ. ಇದರ ಜೊತೆಗೆ ಸರ್ಟ್ರಲೀನ್‌ನಂಥ ಮಾತ್ರೆ. ಅಮೆರಿಕದಲ್ಲಿ 7ರಿಂದ 17 ವಯಸ್ಸಿನ 112 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡನ್ನೂ ಪಡೆದವರಲ್ಲಿ ಶೇಕಡಾ 54ರಷ್ಟು ಮಂದಿ ರೋಗದಿಂದ ಹೆಚ್ಚುಕಡಿಮೆ ಪಾರಾದರು. ಅಭ್ಯಾಸದ ಚಿಕಿತ್ಸೆಯೊಂದರಿಂದಲೇ ಶೇಕಡಾ 39. ಮಾತ್ರೆಯೊಂದರಿಂದಲೇ ಶೇಕಡಾ 21. ಹುಸಿಮಾತ್ರೆಯಿಂದ ಶೇಕಡಾ 4ಕ್ಕೂ ಕಡಿಮೆ. ಹಳೆಯ ದಾರಿಯ ಈ ಅಂಕಿಗಳನ್ನು ಹೊಸ ಯಂತ್ರದ ಅಂಕಿಯ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ, ಏಕೆಂದರೆ ಯಂತ್ರಕ್ಕೆ ಬರುವವರು ಹಳೆಯ ದಾರಿಯಲ್ಲಿ ನಡೆದೂ ತೊಂದರೆ ಉಳಿದವರು. ಹಾಗಿದ್ದರೂ ಮೊದಲು ನಡೆಯಬೇಕಾದ ದಾರಿ ಯಾವುದೆಂಬುದು ಇದರಿಂದ ಸ್ಪಷ್ಟ.

ಅವರು ಮಗುವನ್ನು ನನ್ನ ಆ ವೈದ್ಯಮಿತ್ರರ ಬಳಿಗೆ ಕರೆದೊಯ್ದರು. ಮಾತ್ರೆ ತನ್ನ ಗುಣ ತೋರಿಸಲು ಹತ್ತು ಹನ್ನೆರಡು ವಾರ ಹಿಡಿಯಿತು. ಅಭ್ಯಾಸ ಬಹಳ ಕಷ್ಟದ್ದಾಗಿತ್ತು; ಮೊದಲ ತಿಂಗಳು ಹುಡುಗಿ ಅಳುತ್ತಿದ್ದಳು, ಆಕೆಯ ತಾಯಿ ಅಡಿಗೆಮನೆಯಲ್ಲಿ ಅಳುತ್ತಿದ್ದರು. ತಾತನಿಗೂ ಒಂದು ಪಥ್ಯ ಬಿದ್ದಿತ್ತು. ‘ಚೆನ್ನಾಗಿದ್ದೀರಲ್ಲವೇ’ ಎಂದು ಅವಳು ಕೇಳಿದರೆ ಉತ್ತರಿಸಕೂಡದು. ಉತ್ತರವೂ ಒಂದು ಬಗೆಯ ಕೈತೊಳೆತವೇ. “ನಲವತ್ತು ವರ್ಷ ತರಗತಿಯಲ್ಲಿ ಮಾತಾಡಿದೆ ಮೇಷ್ಟ್ರೆ, ಈಗ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಗೊತ್ತೇ?” ಎಂದು ಅವರು ನನ್ನೆದುರು ಕಣ್ಣೊರೆಸಿಕೊಂಡರು.

ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ಗೇಟಿನ ಚಿಲಕ ತೆಗೆದವಳು ಅವಳೇ. ಜಗಲಿಯ ಮೇಲೆ ಬಿದ್ದಿದ್ದ ಪೇಪರನ್ನು ಎತ್ತಿ ನನಗೆ ಕೊಟ್ಟು, ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡು ನಮ್ಮೆದುರು ಕುಳಿತಳು. ಮಾತು ಪರೀಕ್ಷೆಯ ಕಡೆಗೆ ಹೋಯಿತು, ಮಳೆಯ ಕಡೆಗೆ ಹೋಯಿತು. ಗೆಳೆಯರ ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲೆ. ಇಪ್ಪತ್ತೈದು ನಿಮಿಷಗಳಾದ ಮೇಲೆ ಅವಳು ಎದ್ದು ಒಳಗೆ ಹೋದಳು. ಬಚ್ಚಲಿನ ನಲ್ಲಿಯ ಸದ್ದು ಕೇಳಿಸಿತು. ನಾವಿಬ್ಬರೂ ಸುಮ್ಮನಾದೆವು. ನಲ್ಲಿ ನಿಂತಿತು.

“ನಾಲ್ಕು ನಿಮಿಷ” ಎಂದರು ಅವರು.